ಕೆಸರಿಗೆ ಇಳಿದ ಕಬ್ಬಿಣದ ಗಾಲಿ: ಗಂಗಾವತಿ ಸೀಮೆ ಟ್ರ್ಯಾಕ್ಟರ್ ಬದಲಾದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



ಇತಿಹಾಸ ಅಂದ್ರೆ ರಾಜರು, ಕೋಟೆ, ಯುದ್ಧ ಅಂತ ನಮಗೆ ಶಾಲೆಯಿಂದಲೂ ರೂಢಿ. ಗಂಗಾವತಿ ಅಂದ ಕೂಡಲೇ ಆನೆಗೊಂದಿ, ಅಂಜನಾದ್ರಿ, ಹೊಳೆಯಾಚೆ ಹಂಪಿ. ಆದರೆ ಇವತ್ತಿನ ಸಂಚಿಕೆ ಒಂದು ಗಾಲಿಯ ಬಗ್ಗೆ. ಟ್ರ್ಯಾಕ್ಟರ್‌ನ ಹಿಂದಿನ ಗಾಲಿ. ರಬ್ಬರ್ ಟೈರ್ ಅಲ್ಲ, ಕಬ್ಬಿಣದ್ದು. ನಮ್ಮ ಕಡೆ ಎಲ್ಲರೂ ಕೇಜ್ ವೀಲ್ ಅಂತಾರೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಕಾರಟಗಿ ಕಡೆ ಒಮ್ಮೆ ಹೋಗಿ ನೋಡಿ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತೆ. ಹೊಲಕ್ಕೆ ಇಳಿಯೋ ಟ್ರ್ಯಾಕ್ಟರ್ ರಸ್ತೆ ದಾಟುವಾಗ ಕಟಕಟ ಕಟಕಟ ಅಂತ ಸದ್ದು. ಡಾಂಬರಿನ ಮೇಲೆ ಅಡ್ಡಡ್ಡ ಗೆರೆ. ಗದ್ದೆಗೆ ಇಳಿದ ಕೂಡಲೇ ಆ ಸದ್ದು ನಿಂತು, ಕೆಸರು ಚಿಮ್ಮೋ ಶಬ್ದ ಶುರುವಾಗುತ್ತೆ.

ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಈ ಗಾಲಿ ಅಪರೂಪ. ಅಲ್ಲಿ ಸಜ್ಜೆ, ಜೋಳ, ಕಡಲೆ. ಟ್ರ್ಯಾಕ್ಟರ್ ಕಂಪನಿಯಿಂದ ಹೇಗೆ ಬಂತೋ ಹಾಗೇ ಹೊಲಕ್ಕೆ ಹೋಗುತ್ತೆ. ಒಂದೇ ಜಿಲ್ಲೆ, ಒಂದೇ ಶೋರೂಮ್, ಒಂದೇ ಮಾಡೆಲ್. ಆದರೆ ಗಂಗಾವತಿಗೆ ಬಂದ ಟ್ರ್ಯಾಕ್ಟರ್ ಮಾತ್ರ ವೆಲ್ಡಿಂಗ್ ಶೆಡ್‌ನ ಕೆಲಸ ಸೇರಿಸಿಕೊಂಡು ಬೇರೆ ಗಾಡಿಯೇ ಆಗಿಬಿಡುತ್ತೆ. ಯಾಕೆ? ಅದಕ್ಕೆ ಯಾರು ಏನು ಬೆಲೆ ಕೊಟ್ಟರು? ಅದೇ ಇವತ್ತಿನ ಕಥೆ.

ಮೊದಲು ನೀರು ಬಂತು, ಆಮೇಲೆ ಕೆಸರು

ಗಂಗಾವತಿಗೆ ಭತ್ತ ಹೊಸದಲ್ಲ. ವಿಜಯನಗರದ ಕಾಲದಲ್ಲೇ ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ ಕಾಲುವೆ ತೆಗೆದಿದ್ದರು. ಆನೆಗೊಂದಿ ಕಾಲುವೆ, ಮೇಲಿನ ಗಂಗಾವತಿ ಕಾಲುವೆ, ಕೆಳಗಿನ ಗಂಗಾವತಿ ಕಾಲುವೆ ಅಂತ ಅವುಗಳ ಹೆಸರು ಇವತ್ತಿಗೂ ನೀರಾವರಿ ಲೆಕ್ಕದಲ್ಲಿವೆ. ಆದರೆ ಅದು ಹೊಳೆಯ ಪಕ್ಕದ ಒಂದು ಹಸಿರು ಪಟ್ಟಿ ಅಷ್ಟೇ. ಅದರಾಚೆ ಇದ್ದದ್ದು ಮಳೆ ನಂಬಿದ ಎರೆ ಹೊಲ. ಜೋಳ, ಹತ್ತಿ.

ದೊಡ್ಡ ಬದಲಾವಣೆ ಬಂದದ್ದು ಅಣೆಕಟ್ಟೆಯಿಂದ. ಆಗ ಹೊಳೆಯ ಈ ಕಡೆ ನಿಜಾಮರ ಹೈದರಾಬಾದ್ ಸಂಸ್ಥಾನ, ಆ ಕಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಇಬ್ಬರೂ ಸೇರಿ 1945ರಲ್ಲಿ ಕೆಲಸ ಶುರು ಮಾಡಿದರು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದ್‌ನಿಂದ ಹೊರಟು 227 ಕಿಲೋಮೀಟರ್ ಹೋಗುತ್ತೆ. ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು. ಸುಮಾರು 6 ಲಕ್ಷ ಎಕರೆಗೆ ನೀರು ಕೊಡೋ ಲೆಕ್ಕ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಯೋಜನೆ ಮಾಡಿದವರ ತಲೆಯಲ್ಲಿ ಇದ್ದದ್ದು ಭತ್ತ ಅಲ್ಲ. ಬರಗಾಲ. ಸ್ವಲ್ಪ ಸ್ವಲ್ಪ ನೀರನ್ನ ತುಂಬಾ ಜನರಿಗೆ ಹಂಚೋಣ, ಜೋಳ, ಹತ್ತಿ, ಶೇಂಗಾ ಒಣಗದಂತೆ ಉಳಿಸೋಣ ಅನ್ನೋದು ಮೂಲ ಲೆಕ್ಕ. ಯಾವ ಸರ್ವೆ ನಂಬರ್‌ನಲ್ಲಿ ಯಾವ ಬೆಳೆ ಅಂತ ಕಾಗದದ ಮೇಲೆ ಗುರುತು ಹಾಕಿದ್ದರು. ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು.

ಕಾಗದ ಹಾಗೇ ಉಳಿಯಿತು, ಹೊಲ ಬದಲಾಯಿತು. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದರು. ಅವರ ಊರಲ್ಲಿ ಭೂಮಿ ದುಬಾರಿ, ಇಲ್ಲಿ ಅಗ್ಗ. ಅಲ್ಲಿ ಒಂದೆರಡು ಎಕರೆ ಮಾರಿ ಇಲ್ಲಿ ಅದರ ಹಲವು ಪಟ್ಟು ಕೊಂಡರು. ಗೋದಾವರಿಗೆ ಧವಳೇಶ್ವರದಲ್ಲಿ 1852ರಲ್ಲಿ, ಕೃಷ್ಣೆಗೆ ವಿಜಯವಾಡದಲ್ಲಿ 1855ರಲ್ಲಿ ಅಡ್ಡಗಟ್ಟೆ ಮುಗಿದಿತ್ತು. ಅಂದ್ರೆ ಇವರಿಗೆ ಕಾಲುವೆ ನೀರು, ಕೆಸರು ಗದ್ದೆ, ನಾಟಿ, ಇದೆಲ್ಲ ನೂರು ವರ್ಷದ ಅಭ್ಯಾಸ. ಅವರು ಬಂದು ನೆಲೆಸಿದ ಜಾಗಗಳೇ ಇವತ್ತಿನ ಕ್ಯಾಂಪ್‌ಗಳು. ಗಂಗಾವತಿ ಹತ್ತಿರದ ಶ್ರೀರಾಮನಗರ ಅಂಥದ್ದೇ ಒಂದು ಊರು. ಅವರನ್ನ ನೋಡಿ ಸ್ಥಳೀಯ ರೈತರೂ ಭತ್ತಕ್ಕೆ ಇಳಿದರು. ಜೋಳದ ಸೀಮೆ ಕೆಲವೇ ದಶಕಗಳಲ್ಲಿ ಭತ್ತದ ಕಣಜ ಅನ್ನಿಸಿಕೊಂಡಿತು. ಇವತ್ತು ಬೆಂಗಳೂರಿನ ಹೋಟೆಲಿನಲ್ಲಿ ನೀವು ತಿನ್ನೋ ಸೋನಾ ಮಸೂರಿ ಅನ್ನಕ್ಕೂ ಈ ಕಾಲುವೆಗೂ ಸಂಬಂಧ ಇರೋ ಸಾಧ್ಯತೆ ಜಾಸ್ತಿ.

ಕೆಸರು ಯಾಕೆ ಬೇಕು?

ಹೊಲದ ಕೆಲಸ ನೋಡಿಲ್ಲದವರಿಗೆ ಒಂದು ಮಾತು. ನಾಟಿ ಮಾಡೋ ಮೊದಲು ಗದ್ದೆಗೆ ನೀರು ಕಟ್ಟಿ, ಮಣ್ಣನ್ನ ಕಲಕಿ ಕಲಕಿ ಗಂಜಿ ಥರ ಮಾಡಬೇಕು. ತೆಲುಗಿನಲ್ಲಿ ಇದಕ್ಕೆ ದಮ್ಮು ಅಂತಾರೆ, ಕಬ್ಬಿಣದ ಗಾಲಿಗೂ ದಮ್ಮು ಚಕ್ರ ಅಂತಾನೇ ಹೆಸರು.

ಹೀಗೆ ಕಲಕೋದರಿಂದ ಮೂರು ಲಾಭ. ಒಂದು, ಮಣ್ಣಿನ ಸಣ್ಣ ಸಣ್ಣ ರಂಧ್ರ ಮುಚ್ಚಿ ನೀರು ಕೆಳಗೆ ಇಂಗೋದು ಕಡಿಮೆ ಆಗುತ್ತೆ, ಗದ್ದೆಯಲ್ಲಿ ನೀರು ನಿಲ್ಲುತ್ತೆ. ಎರಡು, ಕಳೆ ಮಣ್ಣಲ್ಲಿ ಹೂತು ಕೊಳೆಯುತ್ತೆ. ಮೂರು, ನಾಟಿ ಮಾಡೋ ಹೆಣ್ಣುಮಕ್ಕಳ ಬೆರಳು ಸಲೀಸಾಗಿ ಇಳಿಯುತ್ತೆ, ಸಸಿ ನೆಟ್ಟಗೆ ನಿಲ್ಲುತ್ತೆ. ಮೇಲೆ ಒಂದು ಗೇಣಿನಷ್ಟು ಕೆಸರು, ಅದರ ಕೆಳಗೆ ಗಟ್ಟಿ ಪದರ. ಈ ಎರಡು ಪದರ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಮೊದಲು ಇದನ್ನ ಮಾಡ್ತಿದ್ದದ್ದು ಎತ್ತು, ಕೋಣ. ಮೊಣಕಾಲು ಮುಳುಗೋ ಕೆಸರಲ್ಲಿ ಇಡೀ ದಿನ ತಿರುಗಬೇಕು. ಎರೆ ಮಣ್ಣು ನೆಂದರೆ ಅಂಟು ಹಿಟ್ಟು ಇದ್ದಂತೆ, ಕಾಲು ಎತ್ತೋದೇ ದೊಡ್ಡ ಕೆಲಸ. ಮೇಲಿಂದ ಕಾಲುವೆ ನೀರು ಬಂದಾಗ ಎಲ್ಲರ ಗದ್ದೆಗೂ ಒಟ್ಟಿಗೇ ಬರುತ್ತೆ. ಎಲ್ಲರಿಗೂ ಅದೇ ವಾರ ಎತ್ತು ಬೇಕು, ಅದೇ ವಾರ ಆಳು ಬೇಕು. ಸಸಿ ಮಡಿಯಲ್ಲಿ ಸಸಿಗೆ ವಯಸ್ಸಾಗ್ತಾ ಇರುತ್ತೆ. ಹೀಗಾಗಿ ಟ್ರ್ಯಾಕ್ಟರ್ ಬೇಕೇ ಬೇಕು ಅನ್ನೋ ಪರಿಸ್ಥಿತಿ ಬಂತು.

ಟೈರ್ ಸೋತ ಜಾಗ

1960ರ ದಶಕದಲ್ಲಿ ನಮ್ಮ ದೇಶದಲ್ಲೇ ಟ್ರ್ಯಾಕ್ಟರ್ ತಯಾರಿಕೆ ಶುರುವಾಯಿತು. ಮ್ಯಾಸ್ಸಿ ಫರ್ಗ್ಯೂಸನ್, ಇಂಟರ್‌ನ್ಯಾಷನಲ್, ಎಸ್ಕಾರ್ಟ್ಸ್, ಆಮೇಲೆ 1970ರ ದಶಕದಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಜೊತೆ ಸೇರಿ ಎಚ್‌ಎಂಟಿ. ಇವುಗಳ ಮೂಲ ವಿನ್ಯಾಸ ಯುರೋಪ್, ಅಮೆರಿಕದ ಒಣ ಹೊಲಕ್ಕೆ ಆದದ್ದು. ಗೋಧಿ, ಮೆಕ್ಕೆಜೋಳದ ಭೂಮಿಗೆ.

ಕೆಸರಿಗೆ ಇಳಿದ ಕೂಡಲೇ ಏನಾಗುತ್ತೆ ಅಂದ್ರೆ, ಟೈರಿನ ಹಲ್ಲುಗಳ ಮಧ್ಯೆ ಮಣ್ಣು ತುಂಬಿಕೊಳ್ಳುತ್ತೆ. ಒಂದೆರಡು ಸುತ್ತು ತಿರುಗೋದರೊಳಗೆ ಹಲ್ಲೇ ಕಾಣಲ್ಲ. ಟೈರ್ ನುಣ್ಣಗೆ ಉಂಡೆ ಆಗುತ್ತೆ. ಎಂಜಿನ್‌ಗೆ ಎಷ್ಟೇ ಶಕ್ತಿ ಇರಲಿ, ಗಾಲಿ ನಿಂತಲ್ಲೇ ತಿರುಗುತ್ತೆ, ಗಾಡಿ ಇನ್ನೂ ಆಳಕ್ಕೆ ಹೂತುಕೊಳ್ಳುತ್ತೆ. ಎರಡು ಟನ್ ಹತ್ತಿರದ ಗಾಡಿಯನ್ನ ಆಮೇಲೆ ಎಳೆದು ತೆಗೆಯೋದೇ ಒಂದು ದಿನದ ಕೆಲಸ.

ಪರಿಹಾರ ಸರಳ. ಮಣ್ಣು ತುಂಬಿಕೊಳ್ಳೋಕೆ ಜಾಗವೇ ಇಲ್ಲದಂಥ ಗಾಲಿ. ಎರಡು ಅಥವಾ ಮೂರು ಕಬ್ಬಿಣದ ಬಳೆ, ಅವುಗಳ ಮೇಲೆ ಅಡ್ಡಡ್ಡ ಎಲ್ ಆಕಾರದ ಆಂಗಲ್ ಪಟ್ಟಿ, ಮಧ್ಯೆ ಖಾಲಿ. ಪಂಜರ ಇದ್ದಂತೆ, ಅದಕ್ಕೇ ಕೇಜ್. ಕೆಸರು ಒಳಗೆ ಹೋಗಿ ಇನ್ನೊಂದು ಕಡೆ ಹೊರಗೆ ಬೀಳುತ್ತೆ. ಪಟ್ಟಿಗಳು ಹರಿಗೋಲಿನ ಹುಟ್ಟಿನ ಥರ ಕೆಸರನ್ನ ಹಿಂದಕ್ಕೆ ತಳ್ಳಿ ಗಾಡಿಯನ್ನ ಮುಂದಕ್ಕೆ ನೂಕುತ್ತವೆ. ತುದಿ ಕೆಳಗಿನ ಗಟ್ಟಿ ಪದರವನ್ನ ಮುಟ್ಟಿ ಹಿಡಿತ ಸಿಗುತ್ತೆ. ಇನ್ನೊಂದು ಲಾಭ ಪುಕ್ಕಟೆ: ಗಾಲಿ ತಿರುಗೋದೇ ಮಣ್ಣು ಕಲಕೋ ಕೆಲಸ ಆಗುತ್ತೆ. ಅಂದ್ರೆ ಗಾಲಿಯೇ ಅರ್ಧ ನೇಗಿಲು.

ಹಿಮದ ನಾಡಲ್ಲೂ ಇದೇ ಕಥೆ

ಈ ಸಮಸ್ಯೆ ನಮ್ಮದೊಂದೇ ಅಂದುಕೊಳ್ಳಬೇಡಿ. ಮೆತ್ತಗಿನ ನೆಲದಲ್ಲಿ ಗಾಡಿ ಓಡಿಸೋದು ಜಗತ್ತಿನ ಎಷ್ಟೋ ಕಡೆ ತಲೆನೋವಾಗಿತ್ತು. ಅದನ್ನ ಬಿಡಿಸಿದವರಲ್ಲಿ ತುಂಬಾ ಜನ ಮನೆ ಶೆಡ್‌ನಲ್ಲಿ ಹಳೇ ಗಾಡಿ ಬಿಚ್ಚಿ ಕಟ್ಟಿದವರೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟಾಕ್ಟನ್ ಅಂತ ಒಂದು ಊರು. ಅಲ್ಲಿ ನದಿ ಮುಖಜ ಭೂಮಿ, ಮಣ್ಣು ಸ್ಪಂಜಿನ ಥರ. ಉಗಿ ಎಂಜಿನ್ ಹೂತುಹೋಗ್ತಿತ್ತು. ಮೊದಲು ಗಾಲಿಯನ್ನ ಅಗಲ ಮಾಡಿದರು. ಎಷ್ಟು ಅಗಲ ಅಂದ್ರೆ ಗಾಡಿ ತಿರುಗಿಸೋದೇ ಕಷ್ಟ ಆಗುವಷ್ಟು. ಕೊನೆಗೆ 1904ರ ನವೆಂಬರ್‌ನಲ್ಲಿ ಬೆಂಜಮಿನ್ ಹೋಲ್ಟ್ ಅನ್ನೋರು ಇದ್ದ ಎಂಜಿನ್‌ನ ಗಾಲಿ ಬಿಚ್ಚಿ, ಮರದ ಪಟ್ಟಿ ಜೋಡಿಸಿದ ಚೈನ್ ಹಾಕಿ ಓಡಿಸಿದರು. ಮುಂದೆ ಆ ಸಾಲಿನಿಂದಲೇ ಕ್ಯಾಟರ್‌ಪಿಲ್ಲರ್ ಕಂಪನಿ ಹುಟ್ಟಿತು.

ಇನ್ನು ಹಿಮ. ಹಿಮದ ಮೇಲೆ ಓಡೋ ಸ್ನೋಮೊಬೈಲ್ ಅನ್ನ ನೀವು ಸಿನಿಮಾದಲ್ಲಿ ನೋಡಿರ್ತೀರಿ. ಆ ಹೆಸರು ಮೊದಲು ಬಂದದ್ದೇ ಮಾಡಿಫಿಕೇಶನ್ ಕಿಟ್ ಒಂದಕ್ಕೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ವರ್ಜಿಲ್ ವೈಟ್ ಅನ್ನೋರು ಫೋರ್ಡ್ ಮಾಡೆಲ್ ಟಿ ಕಾರಿನ ಮುಂದಿನ ಗಾಲಿ ತೆಗೆದು ಹಲಗೆ, ಹಿಂದಿನ ಗಾಲಿಗೆ ಚೈನ್ ಪಟ್ಟಿ ಹಾಕೋ ಕಿಟ್ ಮಾಡಿ 1917ರಲ್ಲಿ ಪೇಟೆಂಟ್ ಪಡೆದರು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಅನ್ನೋ ಹಳ್ಳಿಯಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅನ್ನೋ ಹುಡುಗ. 1922ರಲ್ಲಿ, ಹದಿನೈದನೇ ವಯಸ್ಸಿಗೆ, ಅಪ್ಪ ಕೊಟ್ಟ ಹಳೇ ಫೋರ್ಡ್ ಎಂಜಿನ್ ಅನ್ನ ಜಾರುಬಂಡಿಗೆ ಕಟ್ಟಿ, ಹಿಂದೆ ವಿಮಾನದ ಥರ ದೊಡ್ಡ ಫ್ಯಾನ್ ಇಟ್ಟು ಓಡಿಸಿದ. ರಕ್ಷಣೆಯ ಜಾಲಿಯೇ ಇಲ್ಲದೆ ತಿರುಗೋ ಫ್ಯಾನ್. ಅಪ್ಪ ಗಾಬರಿಯಾಗಿ ಬಿಚ್ಚಿಸಿ ಹಾಕಿದರು. ಹುಡುಗ ಬಿಡಲಿಲ್ಲ. ದೊಡ್ಡವನಾಗಿ ಗ್ಯಾರೇಜ್ ಹಾಕಿದ, ಪ್ರತಿ ಚಳಿಗಾಲ ಏನಾದರೂ ಕಟ್ಟೋದು, ಮುರಿಯೋದು.

1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್ ತೊಂದರೆ ಆಯಿತು. ರಸ್ತೆ ಪೂರ್ತಿ ಹಿಮ. ಆಸ್ಪತ್ರೆಗೆ ಒಯ್ಯೋಕೆ ಆಗಲಿಲ್ಲ. ಮಗು ಉಳಿಯಲಿಲ್ಲ. 1937ರಲ್ಲಿ ಅವನು ಹಲ್ಲುಚಕ್ರ ಮತ್ತು ರಬ್ಬರ್ ಪಟ್ಟಿಯ ಚೈನ್ ವ್ಯವಸ್ಥೆಗೆ ಪೇಟೆಂಟ್ ತೆಗೆದುಕೊಂಡ. ಏಳು ಜನ ಕೂರೋ ಹಿಮದ ಬಸ್ ಬಂತು. ವೈದ್ಯರು, ಅಂಚೆಯವರು, ಶಾಲೆ ಮಕ್ಕಳು ಅದರಲ್ಲಿ ಓಡಾಡಿದರು.

ಆಮೇಲೆ 1948ರಲ್ಲಿ ಕ್ವಿಬೆಕ್ ಸರ್ಕಾರ ಒಂದು ಕಾನೂನು ಮಾಡಿತು. ಚಳಿಗಾಲದಲ್ಲೂ ಹೆದ್ದಾರಿಯ ಹಿಮ ತೆಗೆಯಲೇಬೇಕು ಅಂತ. ರಸ್ತೆ ತೆರೆದುಕೊಂಡಿತು, ಹಿಮದ ಬಸ್‌ನ ವ್ಯಾಪಾರ ಕುಸಿಯಿತು. ಬೊಂಬಾರ್ಡಿಯೆ 1959ರಲ್ಲಿ ಒಬ್ಬಿಬ್ಬರು ಕೂರೋ ಸಣ್ಣ ಗಾಡಿ ತಂದರು, ಸ್ಕೀ-ಡೂ. ಈ ಕಾನೂನಿನ ಮಾತು ಯಾಕೆ ಹೇಳಿದೆ ಅಂದ್ರೆ, ಗಾಡಿಯ ಕಥೆ ಯಾವಾಗಲೂ ಗಾಡಿಯಲ್ಲೇ ಮುಗಿಯೋದಿಲ್ಲ. ರಸ್ತೆ ಯಾರದು, ಖರ್ಚು ಯಾರದು ಅನ್ನೋ ಪ್ರಶ್ನೆ ಹಿಂದೆಯೇ ಬರುತ್ತೆ. ಗಂಗಾವತಿಯಲ್ಲೂ ಹಾಗೇ ಆಯಿತು.

ಶೆಡ್‌ನಲ್ಲಿ ನಡೆಯೋ ಕೆಲಸ

ವಾಪಸ್ ನಮ್ಮೂರಿಗೆ ಬರೋಣ. ಗಂಗಾವತಿ, ಕಾರಟಗಿ, ಸಿಂಧನೂರಿನ ವೆಲ್ಡಿಂಗ್ ಶೆಡ್‌ಗಳಿಗೆ ನಾಟಿ ಸೀಸನ್ ಅಂದ್ರೆ ಹಬ್ಬ. ಕೇಜ್ ವೀಲ್‌ನಲ್ಲಿ ಎರಡು ಬಗೆ. ಒಂದು ಅರ್ಧ ಕೇಜ್, ಟೈರ್ ತೆಗೆಯದೆ ಅದರ ಹೊರಬದಿಗೆ ಬಿಗಿಯೋದು. ಇನ್ನೊಂದು ಪೂರ್ತಿ ಕೇಜ್, ಟೈರ್ ಬಿಚ್ಚಿ ಅದರ ಜಾಗದಲ್ಲೇ ಕೂರಿಸೋದು. ಆಳ ಕೆಸರಿಗೆ ಪೂರ್ತಿ ಕೇಜ್.

ನೋಡೋಕೆ ಸುಲಭ, ಲೆಕ್ಕ ಸೂಕ್ಷ್ಮ. ಮಧ್ಯದ ಪ್ಲೇಟ್‌ನ ತೂತು ಗಾಡಿಯ ಬೋಲ್ಟಿಗೆ ಸರಿಯಾಗಿ ಕೂರಬೇಕು, ಕೂದಲೆಳೆ ಆಚೀಚೆ ಆದರೂ ಗಾಲಿ ತೂಗಾಡುತ್ತೆ. ಬಳೆ ದುಂಡಗಿರಬೇಕು. ಪಟ್ಟಿಗಳ ನಡುವಿನ ಅಂತರ ಕಡಿಮೆ ಆದರೆ ಎರೆ ಮಣ್ಣು ಸಿಕ್ಕಿಕೊಳ್ಳುತ್ತೆ, ಜಾಸ್ತಿ ಆದರೆ ಗಾಡಿ ಕುಪ್ಪಳಿಸುತ್ತೆ. ಪಟ್ಟಿಯ ಓರೆ ಜಾಸ್ತಿ ಆದರೆ ಮಣ್ಣು ಎತ್ತಿ ಎತ್ತಿ ಹಾಕುತ್ತೆ, ಕಡಿಮೆ ಆದರೆ ಹಿಡಿತ ಇಲ್ಲ. ಮರಳು ಮಿಶ್ರಿತ ಮಣ್ಣಿಗೆ ಒಂದು ಲೆಕ್ಕ, ಎರೆಗೆ ಇನ್ನೊಂದು. ಈ ಲೆಕ್ಕಕ್ಕೆ ಪೇಟೆಂಟ್ ಇಲ್ಲ. ಒಬ್ಬ ಮೇಸ್ತ್ರಿಯ ಕೈಯಿಂದ ಇನ್ನೊಬ್ಬ ಹುಡುಗನ ಕೈಗೆ ಬಂದದ್ದು.

ಗಾಲಿ ಒಂದೇ ಅಲ್ಲ. ಕೆಸರು ನೀರು ಬ್ರೇಕಿಗೆ ಹೋಗದಂತೆ ಸೀಲ್ ಬದಲಾಯಿಸಬೇಕು, ಬೇರಿಂಗಿಗೆ ಗ್ರೀಸ್ ಜಾಸ್ತಿ ತುಂಬಬೇಕು. ಚಾಲಕನ ಮೈಗೆ ಕೆಸರು ಎರಚದಂತೆ ಮಡ್‌ಗಾರ್ಡ್ ಅಗಲ ಮಾಡಬೇಕು. ಮೂತಿಗೆ ತೂಕ ಕಟ್ಟಬೇಕು. ರಾತ್ರಿ ಕೆಲಸಕ್ಕೆ ಹೆಚ್ಚಿನ ಲೈಟು. ನಿಮ್ಮ ಫೋನಿನ ರೀಲ್ಸ್‌ನಲ್ಲಿ ಬರೋ ಡಿಜೆ ಸೌಂಡ್ ಟ್ರ್ಯಾಕ್ಟರ್, ಜಾತ್ರೆಯಲ್ಲಿ ಟ್ರಾಲಿ ಕಟ್ಟಿ ರಿವರ್ಸ್ ಓಡಿಸೋ ಪಂದ್ಯ, ಇದೆಲ್ಲ ಆಮೇಲಿನ ಸಂಗತಿ. ಗಾಡಿಯನ್ನ ನಮಗೆ ಬೇಕಾದಂಗ ಮಾಡಿಕೊಳ್ಳಬಹುದು ಅನ್ನೋ ಧೈರ್ಯ ಈ ಕಡೆ ಮೊದಲು ಬೆಳೆದದ್ದು ಕೆಸರಿನ ಕೆಲಸದಿಂದ.

ಮೊದಲ ಬೆಲೆ: ಚಾಲಕನದ್ದು

ಈಗ ಕಷ್ಟದ ಮಾತು. ಯಾವ ಮಾಡಿಫಿಕೇಶನ್ ಕೂಡ ಪುಕ್ಕಟೆ ಅಲ್ಲ.

ಟೈರಿಗೆ ಒಂದು ಒಳ್ಳೆ ಗುಣ ಇದೆ: ಭಾರ ಜಾಸ್ತಿ ಆದರೆ ಜಾರುತ್ತೆ. ಅದು ಒಂಥರಾ ಫ್ಯೂಸ್. ಕೇಜ್ ವೀಲ್ ಸುಲಭಕ್ಕೆ ಜಾರೋದಿಲ್ಲ, ಅದರ ಕೆಲಸವೇ ಹಿಡಿಯೋದು. ಗಾಲಿ ಆಳ ಕೆಸರಲ್ಲಿ ಸಿಕ್ಕಿಬಿತ್ತು, ಚಾಲಕ ಕ್ಲಚ್ ಪಟ್ಟಂತ ಬಿಟ್ಟು ಆಕ್ಸಿಲರೇಟರ್ ಕೊಟ್ಟ ಅಂದುಕೊಳ್ಳಿ. ಗಾಲಿ ತಿರುಗೋಕೆ ಆಗಲ್ಲ. ಎಂಜಿನ್ ಶಕ್ತಿ ಎಲ್ಲಿಗೋ ಹೋಗಲೇಬೇಕಲ್ಲ? ಅದು ಗಾಡಿಯ ದೇಹವನ್ನೇ ಹಿಂದಿನ ಆಕ್ಸಲ್ ಸುತ್ತ ತಿರುಗಿಸುತ್ತೆ. ಮೂತಿ ಮೇಲೇಳುತ್ತೆ. ಒಂದೆರಡು ಸೆಕೆಂಡಿನಲ್ಲಿ ಗಾಡಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತೆ. ಕೆಳಗೆ ಕೆಸರು. ಪೆಟ್ಟಿನಿಂದ ಅಲ್ಲದಿದ್ದರೂ ಉಸಿರುಕಟ್ಟಿ ಜೀವ ಹೋಗುತ್ತೆ. ನಾಟಿ ಸೀಸನ್‌ನಲ್ಲಿ ಜಿಲ್ಲಾ ಪುಟದಲ್ಲಿ ಬರೋ ಎರಡು ಸಾಲಿನ ಸುದ್ದಿ ನೀವೂ ಓದಿರ್ತೀರಿ.

ಇದಕ್ಕೆ ಮದ್ದು ಇದೆ, ಹಳೇ ಮದ್ದು. ಚಾಲಕನ ತಲೆಯ ಮೇಲೆ ಗಟ್ಟಿ ಕಬ್ಬಿಣದ ಚೌಕಟ್ಟು, ಜೊತೆಗೆ ಸೀಟ್ ಬೆಲ್ಟ್. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಈ ಚೌಕಟ್ಟು ಕಡ್ಡಾಯ ಮಾಡಿತು. ಮಗುಚಿ ಸಾಯೋರ ಸಂಖ್ಯೆ ಅಲ್ಲಿ ಬಹಳ ಕಡಿಮೆ ಆಯಿತು. ನಮ್ಮ ಶೆಡ್‌ನಲ್ಲಿ ಕೇಜ್ ವೀಲ್‌ಗೆ ದುಡ್ಡು ಸಿಗುತ್ತೆ, ಸೌಂಡ್ ಬಾಕ್ಸ್‌ಗೆ ಸಿಗುತ್ತೆ. ಈ ಚೌಕಟ್ಟಿಗೆ ಮಾತ್ರ ಯಾಕೋ ಸಿಗಲ್ಲ. ಬಿಸಿಲಿಗೆ ಹಾಕೋ ತಗಡಿನ ಚಪ್ಪರ ಚೌಕಟ್ಟಲ್ಲ, ಅದು ನೆರಳು ಅಷ್ಟೇ. ಚಾಲಕರು ಇಷ್ಟನ್ನಾದರೂ ನೆನಪಿಡಿ: ಹೂತರೆ ಮುಂದಕ್ಕೆ ಜಗ್ಗಬೇಡಿ, ರಿವರ್ಸ್‌ನಲ್ಲಿ ನಿಧಾನಕ್ಕೆ ತೆಗೀರಿ. ಗಾಲಿಯ ಮುಂದೆ ಮರದ ದಿಮ್ಮಿ ಕಟ್ಟಿ ಎಬ್ಬಿಸೋಕೆ ಹೋಗಬೇಡಿ, ಗಾಡಿ ಮಗುಚೋದು ಹೆಚ್ಚಾಗಿ ಹಾಗೇ.

ಎರಡನೇ ಬೆಲೆ: ರಸ್ತೆಯದ್ದು

ಟೈರ್ ಗಾಡಿಯ ತೂಕವನ್ನ ಅಗಲಕ್ಕೆ ಹಂಚುತ್ತೆ. ಕೇಜ್ ವೀಲ್ ರಸ್ತೆಗೆ ಬಂದರೆ ಅಷ್ಟೂ ತೂಕ ಒಂದೆರಡು ಕಬ್ಬಿಣದ ಪಟ್ಟಿಯ ಅಂಚಿನ ಮೇಲೆ. ಉಳಿ ಇಟ್ಟು ಸುತ್ತಿಗೆ ಹೊಡೆದಂತೆ. ಬಿಸಿಲಿಗೆ ಮೆತ್ತಗಾದ ಡಾಂಬರು ಕಿತ್ತು ಬರುತ್ತೆ, ಆ ಸೀಳಿಗೆ ಮಳೆ ನೀರು ಇಳಿಯುತ್ತೆ, ಎರಡು ತಿಂಗಳಲ್ಲಿ ಗುಂಡಿ. ಆ ಗುಂಡಿಗೆ ಬೀಳೋದು ಟ್ರ್ಯಾಕ್ಟರ್ ಅಲ್ಲ, ಕಾಲೇಜಿಗೆ ಹೋಗೋ ಹುಡುಗನ ಬೈಕು, ಹೆರಿಗೆಗೆ ಹೊರಟ ಆಂಬುಲೆನ್ಸು.

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಾಯಿಸುವಂತಿಲ್ಲ. ಪ್ರತಿ ಸೀಸನ್‌ನಲ್ಲೂ ಎಚ್ಚರಿಕೆ ಕೊಡ್ತಾರೆ, ದಂಡ ಹಾಕ್ತಾರೆ. ಆದರೂ ನಿಲ್ಲಲ್ಲ. ರೈತನ ಕಡೆಯಿಂದ ನೋಡಿ: ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗೋಕೆ ಅರ್ಧ ಕಿಲೋಮೀಟರ್ ಡಾಂಬರು. ಅಷ್ಟಕ್ಕೆ ಜ್ಯಾಕ್ ಹಾಕಿ, ನಾಲ್ಕು ಜನ ಸೇರಿ ಗಾಲಿ ಬಿಚ್ಚಿ, ಟೈರ್ ಹಾಕಿ, ಮತ್ತೆ ಅದನ್ನೇ ಉಲ್ಟಾ ಮಾಡಬೇಕು. ಬಾಡಿಗೆ ಗಂಟೆ ಲೆಕ್ಕ. ಎಲ್ಲರಿಗೂ ನಾಳೆಯೇ ನಾಟಿ.

ಇದಕ್ಕೂ ಶೆಡ್‌ಗಳೇ ಉಪಾಯ ಹುಡುಕಿವೆ. ಹಳೇ ಟೈರಿನ ಪಟ್ಟಿ ಕತ್ತರಿಸಿ ಗಾಲಿಯ ಸುತ್ತ ಬಿಗಿಯೋದು, ಇಡೀ ಗಾಡಿಯನ್ನೇ ತಗ್ಗಿನ ಟ್ರಾಲಿ ಮೇಲೆ ಹತ್ತಿಸಿ ಒಯ್ಯೋದು. ಎಲ್ಲರೂ ಮಾಡಿದರೆ ರಸ್ತೆ ಉಳಿಯುತ್ತೆ. ಒಬ್ಬ ಮಾಡಿ ಒಂಬತ್ತು ಜನ ಬಿಟ್ಟರೆ ಒಬ್ಬನಿಗೆ ಖರ್ಚು, ರಸ್ತೆ ಹೇಗೂ ಹಾಳು. ಕ್ವಿಬೆಕ್‌ನಲ್ಲಿ ಹಿಮ ತೆಗೆಯೋ ಖರ್ಚು ಯಾರದು ಅಂತ ಕಾನೂನು ತೀರ್ಮಾನಿಸಿತು. ನಮ್ಮಲ್ಲಿ ಗಾಲಿಯ ಖರ್ಚು ಮಾತ್ರ ಮಾಲೀಕನದ್ದು, ಗುಂಡಿಯ ಖರ್ಚು ಊರಿನದ್ದು.

ಮೂರನೇ ಬೆಲೆ: ಕೊನೆ ಭಾಗದ ರೈತನದ್ದು

ಮೂರನೆಯದು ಕಣ್ಣಿಗೆ ಕಾಣಲ್ಲ. ಎತ್ತಿನಿಂದ ಕೆಸರು ಮಾಡ್ತಿದ್ದಾಗ ಒಬ್ಬ ರೈತ ಎಷ್ಟು ಭತ್ತ ಹಾಕಬಹುದು ಅನ್ನೋದಕ್ಕೆ ಒಂದು ಮಿತಿ ಇತ್ತು. ಎತ್ತಿನ ದಣಿವೇ ಮಿತಿ. ಕಬ್ಬಿಣದ ಗಾಲಿ ಆ ಮಿತಿ ತೆಗೆದುಹಾಕಿತು. ಹೊಲದಿಂದ ಹೊಲಕ್ಕೆ ಕೆಸರು ಹಬ್ಬಿತು. ಭತ್ತಕ್ಕೆ ನೀರು ಜಾಸ್ತಿ ಬೇಕು, ಕಾಲುವೆಯ ತಲೆಭಾಗದ ಗಂಗಾವತಿ ಸೀಮೆ ಅದನ್ನ ಮೊದಲೇ ತೆಗೆದುಕೊಂಡಿತು. ಜೋಳ, ಹತ್ತಿಗೆ ಅಂತ ಲೆಕ್ಕ ಹಾಕಿದ್ದ ನೀರು ಮಾನ್ವಿ, ರಾಯಚೂರಿನ ಕೊನೆ ಭಾಗಕ್ಕೆ ಮುಟ್ಟೋದೇ ಕಷ್ಟ ಆಯಿತು. ಕೊನೆ ಭಾಗಕ್ಕೆ ನೀರು ಬಿಡಿ ಅನ್ನೋ ಧರಣಿ ವರ್ಷ ವರ್ಷ ನಡೀತಾನೇ ಇದೆ. ಇನ್ನೊಂದು ಕಡೆ, ನೀರು ನಿಂತು ನಿಂತು ತಲೆಭಾಗದ ಎಷ್ಟೋ ಹೊಲ ಸವಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೇ ಪ್ರತ್ಯೇಕ ಸಂಶೋಧನೆ ನಡೆಯುತ್ತೆ ಅಂದ್ರೆ ಸಮಸ್ಯೆ ಎಷ್ಟು ದೊಡ್ಡದು ನೀವೇ ಊಹಿಸಿ.

ಹಾಗಂತ ಎಲ್ಲ ತಪ್ಪೂ ಗಾಲಿಯದ್ದು ಅಂತ ಹೇಳ್ತಿಲ್ಲ. ಭತ್ತದ ಬೆಲೆ, ರೈಸ್ ಮಿಲ್ಲು, ರಾಜಕೀಯ, ಎಲ್ಲ ಸೇರಿದೆ. ಆದರೆ ಗಾಲಿ ಇಲ್ಲದೆ ಇಷ್ಟು ಬೇಗ, ಇಷ್ಟು ದೂರ ಆಗ್ತಿರಲಿಲ್ಲ.

ಈ ಇಡೀ ಕೆಸರು ನಿಂತಿರೋದು ಇನ್ನೊಂದು ಹಳೇ ಯಂತ್ರದ ಮೇಲೆ ಅನ್ನೋದು ನಮಗೆ ನೆನಪಾದದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದ್ದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ದಿನಗಟ್ಟಲೆ ನೀರು ಹೊಳೆಗೆ ಹೋಯಿತು. ಹರಿಯೋ ನೀರಲ್ಲೇ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಹಳೇ ಯಂತ್ರಕ್ಕೆ ಹೊಸ ಭಾರ ಹೊರಿಸುವಾಗ ಅದರ ಚೈನ್ ಯಾವಾಗ ನೋಡಿದ್ದೀವಿ ಅಂತ ಕೇಳಿಕೊಳ್ಳಬೇಕು. ಅಣೆಕಟ್ಟೆಗೂ ಅಷ್ಟೇ, ಟ್ರ್ಯಾಕ್ಟರ್‌ಗೂ ಅಷ್ಟೇ.

ಕಂಪನಿ ತಡವಾಗಿ ಬಂತು

ಶೆಡ್‌ನಲ್ಲಿ ಹುಟ್ಟಿದ್ದನ್ನ ಕಂಪನಿಗಳು ಆಮೇಲೆ ಕಲಿತವು. ಇವತ್ತು ಶೋರೂಮ್‌ನಲ್ಲಿ ಭತ್ತದ ಗದ್ದೆಗೆ ಅಂತಲೇ ಮಾಡಿದ ಟ್ರ್ಯಾಕ್ಟರ್ ಸಿಗುತ್ತೆ. ನಾಲ್ಕೂ ಗಾಲಿಗೆ ಶಕ್ತಿ, ಎಣ್ಣೆಯಲ್ಲಿ ಮುಳುಗಿದ ಬ್ರೇಕು, ನೀರು ಒಳಗೆ ಹೋಗದ ಸೀಲು. ಕಟಾವಿಗೆ ಬರೋ ಯಂತ್ರಗಳಲ್ಲಿ ಟೈರ್ ಮಷಿನ್ ಒಂದು, ಚೈನ್ ಮಷಿನ್ ಇನ್ನೊಂದು. ಹಸಿ ಗದ್ದೆಗೆ ಚೈನ್ ಮಷಿನ್ನೇ ಬೇಕು, ಅದಕ್ಕೆ ಬಾಡಿಗೆಯೂ ಜಾಸ್ತಿ. ಅದರ ರಬ್ಬರ್ ಪಟ್ಟಿಯನ್ನ ಹತ್ತಿರ ಹೋಗಿ ನೋಡಿ. ಹಲ್ಲುಚಕ್ರ, ಅದರ ಸುತ್ತ ತಿರುಗೋ ರಬ್ಬರ್. ಹಿಮದಲ್ಲಿ ಓಡಿದ ಬೊಂಬಾರ್ಡಿಯೆಯ ಪಟ್ಟಿಯ ಹತ್ತಿರದ ಸಂಬಂಧಿ ಅದು. ನಮ್ಮ ಕೆಸರಲ್ಲಿ ಸೋನಾ ಮಸೂರಿ ಕೊಯ್ಯುತ್ತಿದೆ.

ಇನ್ನು ಮುಂದೆ? ಈಗ ಕೆಸರೇ ಬೇಡ ಅನ್ನೋ ಮಾತು ಬಂದಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಈ ಭಾಗದಲ್ಲಿ ನೇರ ಬಿತ್ತನೆ ಭತ್ತವನ್ನ ಪ್ರಚಾರ ಮಾಡ್ತಿದೆ. ಒಣ ಹೊಲಕ್ಕೇ ಕೂರಿಗೆಯಿಂದ ಬೀಜ ಬಿತ್ತೋದು. ಸಸಿ ಮಡಿ ಇಲ್ಲ, ನಾಟಿ ಇಲ್ಲ, ಕಲಕೋದಿಲ್ಲ. ನೀರು ಉಳಿಯುತ್ತೆ, ಡೀಸೆಲ್ ಉಳಿಯುತ್ತೆ, ರಸ್ತೆಯೂ ಉಳಿಯುತ್ತೆ. ಆದರೆ ಕಳೆ ಜಾಸ್ತಿ, ಕಳೆನಾಶಕದ ಖರ್ಚು ಜಾಸ್ತಿ. ನಾಟಿ ಕೂಲಿಯನ್ನೇ ನಂಬಿದ ಹೆಣ್ಣುಮಕ್ಕಳ ಆ ವಾರಗಳ ದುಡಿಮೆ ಹೋಗುತ್ತೆ. ನೋಡಿ, ಮತ್ತೆ ಅದೇ ಪ್ರಶ್ನೆ. ಒಂದು ಕಡೆ ಉಳಿತಾಯ, ಅದರ ಬಿಲ್ಲು ಇನ್ನೊಂದು ಮನೆಗೆ.

ನನಗೆ ಈ ಕಥೆಯಿಂದ ಅನ್ನಿಸಿದ್ದು ಇಷ್ಟು. ಗಾಡಿ ಬದಲಾಯಿಸೋದು ತಪ್ಪಲ್ಲ. ಎಲ್ಲೋ ತಯಾರಾದ ಗಾಡಿ ನಮ್ಮ ಮಣ್ಣಿಗೆ ಹೊಂದಬೇಕಂದ್ರೆ ಯಾರಾದರೂ ಕೈ ಹಾಕಲೇಬೇಕು. ಗಂಗಾವತಿಯ ವೆಲ್ಡಿಂಗ್ ಮೇಸ್ತ್ರಿ ಮಾಡಿದ್ದು ಸ್ಟಾಕ್ಟನ್‌ನ ಹೋಲ್ಟ್ ಮಾಡಿದ್ದಕ್ಕಿಂತ ಸಣ್ಣ ಕೆಲಸ ಏನಲ್ಲ. ಆದರೆ ವೆಲ್ಡಿಂಗ್ ಕಿಡಿ ಹಾರೋ ಮೊದಲು ಒಂದು ಮಾತು ಕೇಳಿಕೊಂಡರೆ ಒಳ್ಳೇದು: ಇದರ ಬೆಲೆ ಯಾರು ಕೊಡ್ತಾರೆ? ಸೀಟಿನ ಮೇಲೆ ಕೂತವನಾ, ರಸ್ತೆಯಲ್ಲಿ ಬರೋನಾ, ಕಾಲುವೆಯ ಕೊನೆಯಲ್ಲಿ ಕಾಯ್ತಿರೋನಾ?

ನಿಮ್ಮ ಮನೆಯಲ್ಲಿ ಎತ್ತು ಕಟ್ಟಿ ಗದ್ದೆ ಮಾಡಿದ ಅಜ್ಜ ಇದ್ದರೆ, ಮೊದಲ ಸಲ ಟ್ರ್ಯಾಕ್ಟರ್ ಕೆಸರಿಗೆ ಇಳಿದ ದಿನ ಹೇಗಿತ್ತು ಅಂತ ಇವತ್ತೇ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಹಂಗೆ, ನಿಮ್ಮ ಮನೆಯ ಟ್ರ್ಯಾಕ್ಟರ್‌ಗೆ ತಲೆ ಮೇಲೆ ಚೌಕಟ್ಟು ಇದೆಯಾ ಅಂತಲೂ ಒಮ್ಮೆ ನೋಡಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ್ರೀ.